ಕೆಂಪುಕೋಟೆಗೆ ಬೆನ್ನು ಹಾಕಿದ ರಕ್ಕಸ

ಸಾಸ್ತಾನದ ಪಡುಬದಿಯ ಕೇರಿಯಲ್ಲಿ ಸೂರನ ಮನೆಗೆ ಯಾರೇ ಹೋಗಲಿ, ಮೊದಲು ಕಣ್ಣಿಗೆ ಬೀಳುತ್ತಿದ್ದುದು ಸೂರನಲ್ಲ, ಅವನ ಭಾವ ಪ್ರವೀಣ. ಭಾವ ಇದ್ದದ್ದು ಮುಂಬಯಿಯಲ್ಲಿ. ಆದರೆ ಅವನ ಫೋಟೋ ಸೂರನ ಚಾವಡಿಯ ನಟ್ಟನಡು ಗೋಡೆಯಲ್ಲಿ ಒಂಬತ್ತು ವರ್ಷದಿಂದ ಝಂಡಾ ಹೂಡಿತ್ತು. ಗೇಟ್‌ವೇ ಆಫ್ ಇಂಡಿಯಾದ ಎದುರು ಕಪ್ಪು ಕನ್ನಡಕ ಹಾಕಿಕೊಂಡು, ಒಂದು ಕೈ ಸೊಂಟದ ಮೇಲಿಟ್ಟು, ಆ ಕಟ್ಟಡವನ್ನು ತಾನೇ ಮುಂದೆ ನಿಂತು ಕಟ್ಟಿಸಿದವನ ಗತ್ತಿನಲ್ಲಿ ಅವನು ನಿಂತಿದ್ದ. ಅಂಧೇರಿಯ ಯಾವುದೋ ಹೋಟೆಲಿನಲ್ಲಿ ಇಡ್ಲಿ ಪ್ಲೇಟು ಎತ್ತುವವನಿಗೆ ಇಷ್ಟು ಗತ್ತು ಎಲ್ಲಿಂದ ಬಂತು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸೂರನಿಗಂತೂ ಇರಲೇ ಇಲ್ಲ.

ಸೂರನ ಹೆಂಡತಿ ಜಲಜ ಮನೆಗೆ ಬಂದವರನ್ನು ಕೂರಲು ಹೇಳುವ ಮೊದಲೇ ಗೋಡೆ ತೋರಿಸುತ್ತಿದ್ದಳು. "ಅದ್ ನಮ್ಮಣ್ಣ. ಬೊಂಬಾಯಂಗೆ ಇಪ್ದ್." ಆಮೇಲೆ, ನೆನಪಾದರೆ, ಮೂಲೆಯಲ್ಲಿ ಬೀಡಿ ಸೇದುತ್ತ ಕೂತ ಸೂರನ ಕಡೆಗೆ ಗಲ್ಲ ಎತ್ತಿ, "ಇವ್ರ್ ನಮ್ ಮನಿಯವ್ರ್" ಎನ್ನುತ್ತಿದ್ದಳು. ಬಂದವರು ಸೂರನನ್ನು ಅರೆಗಳಿಗೆ ನೋಡಿ ಮತ್ತೆ ಗೋಡೆ ನೋಡುತ್ತಿದ್ದರು.

ಸೂರ ದೋಣಿಗಳು ಬಂದು ತಂಗುವ ದಕ್ಕೆಯಲ್ಲಿ ಮೀನು ಏಲಂ ಕೂಗುವವನು. ಅವನು ಬಂಗುಡೆಯ ಬುಟ್ಟಿಗೆ ಕೂಗಿದರೆ ಹೊಳೆಯ ಆಚೆ ದಡದಲ್ಲಿ ಇದ್ದವರೂ ಬೆಲೆ ಕೇಳಿಸಿಕೊಂಡು ಹೌಹಾರಬೇಕು, ಅಂಥ ಗಂಟಲು. ಮನೆಯ ಹೊಸ್ತಿಲು ದಾಟಿದ ಕೂಡಲೇ ಆ ಗಂಟಲು ಎಲ್ಲಿ ಹೋಗಿ ಅಡಗುತ್ತಿತ್ತೋ ದೇವರಿಗೇ ಗೊತ್ತು. ಜೀವಮಾನದಲ್ಲಿ ಅವನಿಗೆ ಇದ್ದ ಆಸೆ ಒಂದೇ. ಭಾವನನ್ನು ಗೋಡೆಯಿಂದ ಇಳಿಸಬೇಕು, ಅದೇ ಮೊಳೆಗೆ ತನ್ನ ಫೋಟೋ ಏರಿಸಬೇಕು, ಹೆಂಡತಿ ಅದನ್ನು ನಾಲ್ಕು ಜನರಿಗೆ ತೋರಿಸಬೇಕು. ಆದರೆ ಯಾವುದರ ಎದುರು ನಿಂತು ಫೋಟೋ ತೆಗೆಸುವುದು? ಸೂರ ಕಂಡ ದೊಡ್ಡ ಊರೆಂದರೆ ಮಂಗಳೂರು. ಅದೂ ಕಣ್ಣಿನ ಆಸ್ಪತ್ರೆಗೆ ಹೋದದ್ದು. ಕಣ್ಣಿಗೆ ಮದ್ದು ಬಿಟ್ಟು ಕಳಿಸಿದ್ದರಿಂದ ಮಂಗಳೂರನ್ನೂ ಸರಿಯಾಗಿ ನೋಡಿರಲಿಲ್ಲ.

ಹೀಗಿರುವಾಗ, ಎರಡು ಸಾವಿರದ ಮೂರನೇ ಇಸವಿಯ ಜನವರಿಯಲ್ಲಿ, ಊರಿನ ಹವ್ಯಾಸಿ ಯಕ್ಷಗಾನ ತಂಡಕ್ಕೆ ದಿಲ್ಲಿಯ ಒಂದು ಉತ್ಸವದಿಂದ ಕರೆ ಬಂತು. ತಂಡದ ಯಜಮಾನರು ಭಾಗವತ ಶೇಖರ ಮಾಸ್ಟ್ರು. ಹಾಡುವುದು ಕಡಿಮೆ, ಅರ್ಜಿ ಬರೆಯುವುದು ಹೆಚ್ಚು. ಅವರಿಗೆ ವೇಷದ ಪೆಟ್ಟಿಗೆ ಹೊರಲು ಒಬ್ಬ ಗಟ್ಟಿ ಆಳು ಬೇಕಿತ್ತು. ಸೂರ ತಾನಾಗಿ ಹೋಗಿ ಅವರ ಜಗಲಿಯಲ್ಲಿ ಕೂತ.

"ಪೆಟ್ಗಿ ಹೊರುದಾರೆ ಬಾ. ರೈಲಂಗೆ ಅದ್ರ್ ಮೇಲೇ ಮನಿಕಂಬ್ದ್. ಮತ್ತ್ ಅಲ್ಲಿ ಬಂದ್ ನಂಗೂ ಒಂದ್ ವೇಷ ಕೊಡಿ ಅಂಬುಕಿಲ್ಲೆ" ಎಂದರು ಮಾಸ್ಟ್ರು.

"ವೇಷ ಎಂತಕ್ಕೆ ಮಾಸ್ಟ್ರೆ? ಕೆಂಪುಕೋಟೆ ಎದ್ರ್ ಒಂದ್ ಫೋಟೋ ತೆಗ್ದ್ ಕೊಡಿ, ಸಾಕ್" ಎಂದ ಸೂರ.

ಇಷ್ಟಕ್ಕೇ ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಅವನು ಸೂರನೇ ಅಲ್ಲ. ಮನೆಗೆ ಬಂದು ಹೆಂಡತಿಯ ಎದುರು, "ಡೆಲ್ಲಿಗೆ ವೇಷ ಮಾಡುಕೆ ಕರ್ದಿರ್" ಎಂದುಬಿಟ್ಟ. ಅದೇ ಹೊತ್ತಿಗೆ ತೆಂಗಿನಕಾಯಿ ಸಾಲ ಕೇಳಲು ನೆರೆಮನೆಯ ಪ್ರಭಾವತಿ ಬಂದಿದ್ದಳು. ಇವಳು ಅಂಗನವಾಡಿಯಿಂದ ನಿವೃತ್ತಳಾದವಳು. ಕೇರಿಯ ಸುದ್ದಿಗಳಿಗೆಲ್ಲ ರುಜು ಹಾಕುವ ಅಧಿಕಾರವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

"ಯಾವ ವೇಷ ಸೂರಣ್ಣ?" ಎಂದು ಕೇಳಿದಳು.

"ಅದ್ ಅಲ್ಲಿ ಹೋದ್ ಮೇಲ್ ಹೇಳ್ತ್ರ್" ಎಂದ ಸೂರ. ಆ ದಿನ ಸಂಜೆಯೊಳಗೆ ಅವನು ದಿಲ್ಲಿಗೆ ಕೃಷ್ಣನ ವೇಷಕ್ಕೆ ಹೋಗುವ ಸುದ್ದಿ ಸಾಲಿಗ್ರಾಮದ ತನಕ ಮುಟ್ಟಿತು. ಐವತ್ತು ದಾಟಿದ, ಎದೆಯ ತುಂಬ ಕೂದಲಿರುವ ಕೃಷ್ಣ.

ಉಡುಪಿಯಲ್ಲಿ ರೈಲು ಹತ್ತಿದ ತಂಡ ಮೂರನೆಯ ದಿನ ದಿಲ್ಲಿಯಲ್ಲಿ ಇಳಿಯಿತು. ತಂಡದಲ್ಲಿ ನಿಜವಾದ ಕಲಾವಿದ ಅಂತ ಒಬ್ಬನಿದ್ದರೆ ಅದು ಬಣ್ಣದ ವೇಷದ ಕುಷ್ಟ. ಬಣ್ಣದ ವೇಷ ಎಂದರೆ ರಾಕ್ಷಸ. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ, ಮುಖದ ಮೇಲೆ ಮುಳ್ಳು ಮುಳ್ಳಾಗಿ ಚಿಟ್ಟಿ ಇಟ್ಟು, ನಡುವೆ ಕೆಂಪು ಕಪ್ಪು ತುಂಬಿದರೆ ಹೆತ್ತ ತಾಯಿಗೂ ಗುರುತು ಸಿಗಬಾರದು. ಅದಕ್ಕೆ ಮೂರೂವರೆ ತಾಸು ಬೇಕು. ಈ ಕುಷ್ಟ ರೈಲಿನಲ್ಲಿ ಎದುರು ಸೀಟಿನವರು ಒತ್ತಾಯ ಮಾಡಿದರೆಂದು ಐದು ಭಟೂರೆ ಬಾರಿಸಿದ್ದ. ಒತ್ತಾಯ ಮಾಡಿದ್ದು ಒಂದಕ್ಕೆ. ಪ್ರದರ್ಶನದ ದಿನ ಬೆಳಿಗ್ಗೆ ಲಾಡ್ಜಿನ ಕಕ್ಕಸಿಗೂ ಮಂಚಕ್ಕೂ ಅವನು ಹನ್ನೊಂದು ಸಲ ಓಡಾಡಿ ಆಗಿತ್ತು.

"ಮಾಸ್ಟ್ರೆ, ನನ್ನತ್ರ ಆತಿಲ್ಲೆ. ಕುಣಿವ ಹೊತ್ತಿಗೆ ಎಂತಾರೂ ಆಯ್ತ್ ಅಂದ್ರೆ ಊರಿನ ಮಾನ ಹೋತ್ತ್" ಎಂದ ಕುಷ್ಟ.

ಶೇಖರ ಮಾಸ್ಟ್ರು ಕೋಣೆಯ ಸುತ್ತ ಕಣ್ಣಾಡಿಸಿದರು. ಎಲ್ಲರಿಗೂ ಒಂದೊಂದು ವೇಷ ಇತ್ತು. ಪೆಟ್ಟಿಗೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಸೂರನಿಗೆ ಮಾತ್ರ ಇರಲಿಲ್ಲ. ರಕ್ಕಸನಿಗೆ ಮಾತಿಲ್ಲದ ಹಾಗೆ ಮಾಡಿದರಾಯಿತು, ಬಂದು ಆರ್ಭಟಿಸಿ, ಎರಡು ಸುತ್ತು ತಿರುಗಿ, ಭೀಮನ ಕೈಯಲ್ಲಿ ಸತ್ತರೆ ಸಾಕು. ಗಂಟಲು ಇದೆ, ಮೈ ಇದೆ, ಬುದ್ಧಿಯ ಅಗತ್ಯ ಈ ಪಾತ್ರಕ್ಕೆ ಇಲ್ಲ. ಹೀಗೆ ಲೆಕ್ಕ ಹಾಕಿ ಅವರು ಸೂರನನ್ನು ಚಾಪೆಯ ಮೇಲೆ ಮಲಗಿಸಿದರು. ಕುಷ್ಟ ಪಾಪ, ಓಡಾಟದ ನಡುನಡುವೆ ಬಂದು ಸೂರನ ಮುಖದ ಮೇಲೆ ಚಿಟ್ಟಿ ಇಟ್ಟ. ದಿಲ್ಲಿಯ ಚಳಿಗೆ ಹಿಟ್ಟು ಒಣಗಲೇ ಇಲ್ಲ. ಸೂರನ ಮುಖವನ್ನು ಲಾಡ್ಜಿನ ಹೀಟರಿನ ಎದುರು ಹಿಡಿದು, ಹಪ್ಪಳದ ಹಾಗೆ ಆಚೆ ಈಚೆ ತಿರುಗಿಸಿ ಒಣಗಿಸಬೇಕಾಯಿತು.

ಉತ್ಸವದ ಒಳಗೆ ಬಿಡಲು ಕೊರಳಿಗೆ ಪಾಸು ಬೇಕು. ಪೆಟ್ಟಿಗೆ ಹೊರುವವರಿಗೆ ಪಾಸು ಇರಲಿಲ್ಲ. ಆದ್ದರಿಂದ ಕುಷ್ಟನ ಫೋಟೋ, ಕುಷ್ಟನ ಹೆಸರು ಇದ್ದ ಪಾಸನ್ನೇ ಸೂರನ ಕೊರಳಿಗೆ ಹಾಕಿದರು. ದೊಡ್ಡ ಅಕ್ಷರದ, ತಟ್ಟೆಯಷ್ಟು ಅಗಲದ ಪಾಸು.

ಬೆಳಿಗ್ಗೆ ಹತ್ತಕ್ಕೆ ವೇಷ ಕಟ್ಟಿ ಎಲ್ಲರೂ ಸಾಲಾಗಿ ನಿಂತಾಗ ಉತ್ಸವದ ಅಧಿಕಾರಿಯೊಬ್ಬ ಬಂದು, ಮುಖ್ಯ ಅತಿಥಿ ಬರುವುದು ತಡ, ನಿಮ್ಮದು ಸಂಜೆ ಐದಕ್ಕೆ ಎಂದು ಹೇಳಿ ಹೋದ. ದಿಲ್ಲಿ ತೋರಿಸುವ ಬಸ್ಸು ಅದೇ ದಿನಕ್ಕೆ ನಿಗದಿಯಾಗಿತ್ತು. ಮರುದಿನ ಬೆಳಿಗ್ಗೆ ರೈಲು. ಉಳಿದವರು ಅರ್ಧ ತಾಸಿನಲ್ಲಿ ಬಣ್ಣ ಒರೆಸಿ, ಪ್ಯಾಂಟು ಏರಿಸಿ, ತಲೆ ಬಾಚಿ ಬಸ್ಸು ಹತ್ತಿದರು. ಅವರದು ಮತ್ತೆ ಬಳಿದುಕೊಳ್ಳುವ ಬಣ್ಣ. ಸೂರನದು ಹಾಗಲ್ಲ. ತೆಗೆದರೆ ಮತ್ತೆ ಮೂರೂವರೆ ತಾಸು, ಅಲ್ಲದೆ ತಂದ ಅಕ್ಕಿಹಿಟ್ಟೂ ಮುಗಿದಿತ್ತು.

"ನೀ ಹೀಂಗೇ ಬಾ" ಎಂದರು ಮಾಸ್ಟ್ರು.

"ಹೀಂಗೆ ಅಂದ್ರೆ?"

"ಹೀಂಗೆ ಅಂದ್ರೆ ಹೀಂಗೇ. ಬಾಯ್ ಆಡ್ಸುಕಿಲ್ಲೆ, ಹಿಟ್ಟ್ ಬಿರಿತ್ತ್. ನಗಾಡುಕಿಲ್ಲೆ. ತಲಿ ತಿರ್ಗ್‌ಸುಕಿಲ್ಲೆ, ಕಿರೀಟ ಬೀಳತ್ತ್."

ಹೀಗೆ ಸಾಸ್ತಾನದ ಸೂರ ಭಾರತದ ರಾಜಧಾನಿಯನ್ನು ನೋಡಲು ಹೊರಟ. ಬಸ್ಸಿನಲ್ಲಿ ಕಿರೀಟ ಹಿಡಿಸದೆ, ಎರಡು ಸೀಟಿನ ನಡುವೆ ಮೊಣಕಾಲೂರಿ ಕೂತು ಹೋದ. ಕಿಟಕಿಯಲ್ಲಿ ಸಂಸತ್ ಭವನ ಹೋಯಿತು, ರಾಷ್ಟ್ರಪತಿ ಭವನ ಹೋಯಿತು. ಸೂರನಿಗೆ ಕಂಡದ್ದು ಎದುರು ಸೀಟಿನ ಕೆಳಗೆ ಯಾರೋ ಬಿಟ್ಟುಹೋದ ಒಂದು ಚಪ್ಪಲಿ.

ಕೆಂಪುಕೋಟೆಯ ಬಾಗಿಲಲ್ಲಿ ಪೊಲೀಸನೊಬ್ಬ ತಡೆದ. ಪಾಸು ಎತ್ತಿ ನೋಡಿದ. ಅದರಲ್ಲಿ ಕನ್ನಡಕ ಹಾಕಿದ, ಕೆನ್ನೆ ಒಳಗೆ ಹೋದ, ಮೂರು ದಿನ ಊಟ ಕಾಣದವನಂಥ ಕುಷ್ಟ. ಎದುರಿಗೆ ನಿಂತದ್ದು ಕೋರೆಹಲ್ಲಿನ ರಾಕ್ಷಸ. ಪೊಲೀಸ್ ಮೂರು ಸಲ ಅದನ್ನೂ ಇದನ್ನೂ ಹೋಲಿಸಿ ನೋಡಿದ. ಕೊನೆಗೆ "ಹಾಂ, ವಹೀ ಹೈ" ಎಂದು ತೃಪ್ತಿಯಿಂದ ತಲೆಯಾಡಿಸಿ ಒಳಗೆ ಬಿಟ್ಟ. ದೇಶದ ಭದ್ರತೆ ಇಂಥವರ ಕೈಯಲ್ಲಿದೆ ಎಂದು ನಾವು ನೆಮ್ಮದಿಯಿಂದ ಇರಬಹುದು.

ಒಳಗೆ ಹೋದದ್ದೇ ತಡ, ಕೋಟೆ ನೋಡಲು ಬಂದವರೆಲ್ಲ ಕೋಟೆಯನ್ನು ಬಿಟ್ಟು ಸೂರನ ಕಡೆಗೆ ತಿರುಗಿದರು. ಬಿಳಿಯರು ಬಂದರು, ಪಂಜಾಬಿಗಳು ಬಂದರು, ಶಾಲೆಯ ಮಕ್ಕಳ ಸಾಲು ಬಂತು, ಹೊಸದಾಗಿ ಮದುವೆಯಾದ ಜೋಡಿಗಳು ಬಂದವು. ಎಲ್ಲರಿಗೂ ರಾಕ್ಷಸನ ಜೊತೆ ಫೋಟೋ ಬೇಕು, ಹಿಂದೆ ಕೋಟೆ ಇರಬೇಕು. ಸೂರ ಕೋಟೆಗೆ ಬೆನ್ನು ಹಾಕಿ ನಿಂತ. ಒಬ್ಬರಾದ ಮೇಲೆ ಒಬ್ಬರು ಬಂದು ಅವನ ತೋಳಿಗೆ ಆತುಕೊಂಡರು. ತಿರುಗಿ ನೋಡೋಣ ಎಂದರೆ ಕಿರೀಟ, ಸ್ವಲ್ಪ ಸರಿಯಿರಿ ಎನ್ನೋಣ ಎಂದರೆ ಹಿಟ್ಟು. ತಂಡದ ಉಳಿದವರು ಇಸ್ತ್ರಿ ಅಂಗಿ ಹಾಕಿಕೊಂಡು ಬದಿಯಲ್ಲಿ ನಿಂತಿದ್ದರು, ಅವರನ್ನು ನೊಣವೂ ಮೂಸಲಿಲ್ಲ. ಅದಕ್ಕೆ ಅವರಿಗೆ ಹೊಟ್ಟೆಯುರಿ. ಮಾಸ್ಟ್ರು ಕಡ ತಂದ ಕ್ಯಾಮೆರಾದಲ್ಲಿ, ಮಾತು ಕೊಟ್ಟಿದ್ದಕ್ಕಾಗಿ, ಸೂರನ ಫೋಟೋ ತೆಗೆದರು.

ಇಂಡಿಯಾ ಗೇಟಿನಲ್ಲೂ ಅದೇ ಕತೆ, ಕುತುಬ್ ಮಿನಾರಿನಲ್ಲೂ ಅದೇ ಕತೆ. ಮಿನಾರದ ಬುಡದಲ್ಲಿ ಕಾಲು ಸೋತು ಒಂದು ಬಾಗಿಲಿಗೆ ಒರಗಿದ. ಬೀಗ ಹಾಕಿದ ಬಾಗಿಲು, ಚಿಲಕ ಬೆನ್ನಿಗೆ ಚುಚ್ಚಿತು. ತಲೆಯ ಮೇಲೆ ಮಿನಾರ ಎಷ್ಟು ಎತ್ತರಕ್ಕೆ ಹೋಗಿದೆ ಎಂದು ನೋಡಲು ತಲೆ ಎತ್ತುವಂತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಒಂದು ಸ್ಟ್ರಾ ಹಾಕಿ ಮಜ್ಜಿಗೆ ಕುಡಿಸಿದರು. ಸಂಜೆ ಐದಕ್ಕೆ ವೇದಿಕೆಯ ಎದುರು ಮುಖ್ಯ ಅತಿಥಿಯೂ ಇರಲಿಲ್ಲ, ಮುಖ್ಯವಲ್ಲದ ಅತಿಥಿಗಳೂ ಇರಲಿಲ್ಲ, ಕುರ್ಚಿಗಳು ಇದ್ದವು. ನಾಲ್ಕು ನಿಮಿಷ ಎಂದು ಕೊಟ್ಟ ಸಮಯದಲ್ಲಿ ಸೂರ ಏಲಂ ಗಂಟಲಿನಲ್ಲಿ ಒಂದು ಆರ್ಭಟೆ ಕೊಟ್ಟ. ಭೀಮ ಬಂದು ಕೊಲ್ಲುವ ಮೊದಲೇ ಮೈಕ್ ನಿಲ್ಲಿಸಿ, ಮುಂದಿನ ರಾಜ್ಯದವರನ್ನು ಕರೆದರು.

ವಾಪಸು ಬರುವಾಗ ರೈಲಿನಲ್ಲಿ ಕುಷ್ಟ ಮೆಲ್ಲಗೆ ಪಕ್ಕದಲ್ಲಿ ಬಂದು ಕೂತ. ದಿಲ್ಲಿಯಲ್ಲಿ ಅವನು ಕಂಡದ್ದು ಲಾಡ್ಜಿನ ಕಕ್ಕಸು, ಅದರೊಳಗೆ ಕೂತು ಓದಿ ಮುಗಿಸಿದ್ದು ಮಾಸ್ಟ್ರ ಕೈಚೀಲದಲ್ಲಿದ್ದ ದಿಲ್ಲಿಯ ಪ್ರವಾಸಿ ಪುಸ್ತಕ.

"ಸೂರಣ್ಣ, ಮನಿಯಂಗೆ ಸುಗುಣನ ಎದ್ರ್ ನಾ ಎಂತ ಹೇಳುದ್? ಕಕ್ಸಿನ ಸುದ್ದಿ ಹೇಳುಕಾತ್ತಾ? ಆ ಫೋಟೋದ್ದ್ ಒಂದ್ ಸೆಟ್ ನಂಗೂ ಮಾಡ್ಸಿ ಕೊಡಿ ಮಾರಾಯ್ರೆ. ಸುಮ್ನೆ ಮನಿಯಂಗೆ ಇಟ್ಕಂಬುಕೆ" ಎಂದ. ಸುಗುಣ ಅವನ ಹೆಂಡತಿ.

ಸೂರನಿಗೆ ಮರುಕ ಬಂತು. ಕುಂದಾಪುರದ ಸ್ಟುಡಿಯೋದಲ್ಲಿ ಎರಡು ಸೆಟ್ ಮಾಡಿಸಿ, ಒಂದನ್ನು ತಾನೇ ಹೋಗಿ ಕುಷ್ಟನ ಕೈಗೆ ಕೊಟ್ಟು ಬಂದ. ಮೂರ್ಖತನಕ್ಕೆ ಈ ಪ್ರಪಂಚದಲ್ಲಿ ಒಳ್ಳೆಯ ಮನಸ್ಸು ಎಂದು ಹೆಸರು.

ತನ್ನ ಸೆಟ್ಟನ್ನು ಸೂರ ಚಾವಡಿಯಲ್ಲಿ ಹೆಂಡತಿಯ ಎದುರು ಹರಡಿದ. ಅದನ್ನು ನೋಡಲೆಂದೇ ಪ್ರಭಾವತಿಯೂ ಬಂದು ಕೂತಿದ್ದಳು. ಜಲಜ ಒಂದೊಂದೇ ಎತ್ತಿ ನೋಡಿದಳು. ಕೆಂಪುಕೋಟೆ, ರಾಕ್ಷಸ. ಇಂಡಿಯಾ ಗೇಟು, ರಾಕ್ಷಸ. ಕುತುಬ್ ಮಿನಾರಿನ ಬುಡ, ರಾಕ್ಷಸ.

"ನೀವ್ ಎಲ್ಲಿ?" ಎಂದಳು.

"ಅದೇ ನಾನ್!"

"ಯಾವ್ದ್?"

"ಅಯ್ಯೋ, ಆ ರಾಕ್ಷಸ!"

ಜಲಜ ಗಂಡನ ಮುಖ ನೋಡಿದಳು, ಫೋಟೋ ನೋಡಿದಳು. ಇಷ್ಟು ವರ್ಷ ಬಾಳಿದ ಮೇಲೆ ತನ್ನ ಗಂಡನಲ್ಲಿ ರಾಕ್ಷಸನ ಯಾವ ಗುಣವೂ ಅವಳಿಗೆ ಕಂಡಿರಲಿಲ್ಲ. ಅಷ್ಟರಲ್ಲಿ ಪ್ರಭಾವತಿ ಕನ್ನಡಕ ಏರಿಸಿ ಫೋಟೋವನ್ನು ಮೂಗಿನ ಹತ್ತಿರ ಹಿಡಿದಳು.

"ಹ್ವಾಯ್ ಜಲಜಕ್ಕ, ಇಲ್ ಕಾಣಿ. ಕೊರ್ಳಂಗೆ ಬೋರ್ಡ್ ಇತ್ತ್. ಕುಷ್ಟ ಅಂದೇಳಿ ಬರ್ದ್ ಇತ್ತಲೆ! ಫೋಟೋನೂ ಅವಂದೇ!"

"ಅದ್ ಪಾಸ್ ಮಾತ್ರ ಅವಂದ್. ಒಳಗ್ ಇಪ್ದ್ ನಾನ್!" ಎಂದ ಸೂರ.

"ಪಾಸ್ ಅವಂದಾದ್ರೆ ಮುಖವೂ ಅವಂದೇ ಅಲ್ದಾ? ಗೋರ್ಮೆಂಟಿನವ್ರ್ ತಪ್ಪ್ ಬರೀತ್ರಾ?" ಎಂದಳು ಪ್ರಭಾವತಿ. ಅಲ್ಲಿಗೆ ನಿಲ್ಲಿಸದೆ ಸೊಂಟದಿಂದ ತಂಡದ ಆಮಂತ್ರಣ ಪತ್ರಿಕೆ ತೆಗೆದಳು. ಕಲಾವಿದರ ಪಟ್ಟಿಯ ಕೊನೆಗೆ, ಮುದ್ರಕರ ಹೆಸರಿಗಿಂತ ಒಂದು ಸಾಲು ಮೇಲೆ, "ಪೆಟ್ಟಿಗೆ: ಸೂರ" ಎಂದಿತ್ತು. "ವೇಷ ಮಾಡುಕೆ ಹೋದ್ದ್ ಅಂದ್ರಿ ಅಲ್ದಾ ಸೂರಣ್ಣ? ಇದ್ ಎಂತ ವೇಷ?"

ಹೋಗುವಾಗ ಹೇಳಿದ ಸುಳ್ಳು ಹೊರಬಿದ್ದ ಮೇಲೆ ಬಂದು ಹೇಳಿದ ಸತ್ಯವನ್ನು ಯಾರು ನಂಬುತ್ತಾರೆ? ಜಲಜ ಫೋಟೋಗಳನ್ನು ಒಟ್ಟುಮಾಡಿ ಗಂಡನ ಕೈಗೆ ಕೊಟ್ಟಳು. "ಪೆಟ್ಗಿ ಹೊತ್ರೆ ಎಂತ ಮರ್ಯಾದಿ ಹೋತಿತ್ತ್? ಕಂಡೋರ ಫೋಟೋ ತಂದ್ ನಾನ್ ನಾನ್ ಅಂತ್ರಿ ಅಲೆ" ಎಂದು ಒಳಗೆ ಹೋದಳು. ಗೋಡೆಯ ಮೇಲೆ ಪ್ರವೀಣ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದ.

ಎರಡು ದಿನ ಕಳೆದು ಸಂಜೆಯ ಪತ್ರಿಕೆಯೊಂದರಲ್ಲಿ, "ದಿಲ್ಲಿಯಲ್ಲಿ ಗರ್ಜಿಸಿದ ನಮ್ಮೂರ ಕುಷ್ಟ" ಎಂಬ ತಲೆಬರಹದಡಿ ಕೆಂಪುಕೋಟೆಯ ಫೋಟೋ ಬಂತು. ಸುಮ್ಮನೆ ಮನೆಯಲ್ಲಿ ಇಟ್ಟುಕೊಳ್ಳಲು ಕೊಟ್ಟ ಫೋಟೋ. ಸೂರ ಉರಿದುಕೊಂಡು ಶೇಖರ ಮಾಸ್ಟ್ರ ಮನೆಗೆ ಓಡಿದ.

"ಮಾಸ್ಟ್ರೆ, ನೀವೇ ಅಲ್ದಾ ಫೋಟೋ ತೆಗ್ದದ್ದ್? ಒಂದ್ ಮಾತ್ ಹೇಳಿ."

ಮಾಸ್ಟ್ರು ಬಾಗಿಲು ಮುಂದೆ ಮಾಡಿ, ಧ್ವನಿ ತಗ್ಗಿಸಿದರು. "ಕಾಣ್ ಸೂರ. ಪಟ್ಟಿಯಂಗೆ ಇಪ್ಪ ಕಲಾವಿದ್ರೇ ಕುಣ್ದಿರ್ ಅಂದೇಳಿ ನಾ ಇಲಾಖೆಗೆ ಬರ್ದ್ ಕೊಟ್ಟಾಯ್ತ್. ಪೆಟ್ಗಿಯವ ಕುಣ್ದ ಅಂದ್ರೆ ಮುಂದಿನ್ ವರ್ಷ ಇಲಾಖೆಯವ್ರ್ ಕಳ್ಸುವ ಸಿಂಗಾಪುರ ಹೋಯ್ತ್. ಕುಣ್ದದ್ದ್ ಕುಷ್ಟ. ನಂಗೂ ಹಂಗೇ ನೆನ್ಪ್."

"ನಿಮ್ಗ್ ನೆನ್ಪೇ ಇಲ್ಯಾ?"

"ಸಿಂಗಾಪುರಕ್ಕ್ ಪೆಟ್ಗಿ ಹೊರುಕೆ ನಿನ್ನನ್ನೇ ಕರ್ಕಂಡ್ ಹೋತೆ" ಎಂದರು ಮಾಸ್ಟ್ರು ಉದಾರವಾಗಿ. ತಂಡದ ಉಳಿದ ಏಳು ಜನಕ್ಕೂ ಸಿಂಗಾಪುರ ನೆನಪಿತ್ತು, ಆದ್ದರಿಂದ ದಿಲ್ಲಿ ಮರೆತುಹೋಗಿತ್ತು.

ಊರಿನ ಯುವಕ ಮಂಡಲಕ್ಕೆ ಸನ್ಮಾನ ಮಾಡಲು ಒಬ್ಬ ಮನುಷ್ಯ ಬೇಕಾಗಿತ್ತು. ಪ್ರತಿ ವರ್ಷ ಬೇಕಾಗುತ್ತದೆ, ಶಾಲು ಮೊದಲೇ ತಂದಿಟ್ಟಿರುತ್ತಾರೆ. ಒಂದು ಭಾನುವಾರ ಮಧ್ಯಾಹ್ನ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿ, ಕುಷ್ಟನನ್ನು ಕುರ್ಚಿಯಲ್ಲಿ ಕೂರಿಸಿ, ಮಂಡಲದ ಅಧ್ಯಕ್ಷ ಯೋಗೀಶ್ ಶಾಲು ಬಿಡಿಸಿದ. ಅಷ್ಟರಲ್ಲಿ ಗಂಡಸರ ಸಾಲಿನಿಂದ ದಕ್ಕೆಯ ಗಂಟಲು ಎದ್ದಿತು.

"ನಿಲ್ಸಿ! ಅದ್ ಕುಷ್ಟ ಅಲ್ಲ, ನಾನ್!"

ಗಲಾಟೆ ಆಯಿತು. ಕೂಕಣಿ ಎಂದು ಕೂರಿಸಲು ನೋಡಿದವರಿಗಿಂತ ಮಾತಾಡ್ಲಿ ಎಂದವರು ಹೆಚ್ಚು. ಭಾಷಣ ಕೇಳಿ ಬೇಸತ್ತ ಜನಕ್ಕೆ ಜಗಳ ಕಂಡರೆ ಜೀವ ಬರುತ್ತದೆ. ಕುಷ್ಟ ನೆಲ ನೋಡಿದ. ಅವನ ಹೆಂಡತಿ ಸುಗುಣ ಹೆಂಗಸರ ಸಾಲಿನಲ್ಲಿ ಎದ್ದು ನಿಂತಳು. ಯೋಗೀಶ್ ವಿದ್ಯಾವಂತ, ನ್ಯಾಯವಂತ, ಎರಡೂ ಸ್ವಲ್ಪ ಸ್ವಲ್ಪ. ಅವನು ಮೈಕ್ ಹಿಡಿದು ತೀರ್ಮಾನ ಕೊಟ್ಟ.

"ಇದಕ್ಕೆ ಜಗ್ಳ ಎಂತಕ್ಕೆ? ಡೆಲ್ಲಿ ಬಗ್ಗೆ ಪ್ರಶ್ನೆ ಕೇಳುವ. ಯಾರ್ ಫೋಟೋದಂಗೆ ಇಪ್ದೋ ಅವ್ರಿಗೆ ಉತ್ತರ ಗೊತ್ತಿರತ್ತ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಸೂರನೂ ತಟ್ಟಿದ. ಅವನಿಗೆ ಇನ್ನೂ ಹೊಳೆದಿರಲಿಲ್ಲ.

"ಕೆಂಪುಕೋಟೆಯ ದೊಡ್ಡ ಬಾಗ್ಲಿನ ಹೆಸ್ರ್ ಎಂತ?"

"ಲಾಹೋರಿ ದರ್ವಾಜಾ. ಕೋಟೆ ಕಟ್ಸದ್ದ್ ಷಹಜಹಾನ" ಎಂದ ಕುಷ್ಟ, ಪುಸ್ತಕದ ಹನ್ನೆರಡನೆಯ ಪುಟದಿಂದ.

ಸೂರ ತಲೆ ಕೆರೆದುಕೊಂಡ. "ಬಾಗ್ಲ್ ಹಿಂದ್ ಇದ್ದಿತ್ತ್. ನಾ ಕಾಣ್ಲಿಲ್ಲೆ. ಎದ್ರಿಗ್ ಒಬ್ಬ ಹಳ್ದಿ ಕೋಟಿನವ ಇದ್ದಿದ್ದ, ಕಾಲ್ ತುಳ್ದ."

ಜನ 'ಹೋ' ಎಂದು ನಕ್ಕರು.

"ಇಂಡಿಯಾ ಗೇಟಿನ ಮೇಲೆ ಎಂತ ಕೆತ್ತಿದ್ರ್?"

"ಯುದ್ಧದಂಗೆ ಸತ್ತ ಸೈನಿಕ್ರ ಹೆಸ್ರ್. ಸಾವಿರಾರ್ ಹೆಸ್ರ್ ಇತ್ತ್. ಓದ್ತಾ ಓದ್ತಾ ನನ್ ಕಣ್ಣಂಗೆ ನೀರ್ ಬಂತ್" ಎಂದ ಕುಷ್ಟ. ಈಗ ಅವನಿಗೆ ಹುರುಪು ಬಂದಿತ್ತು.

"ಅಲ್ಲಿ ಬಲೂನ್ ಮಾರುವವ್ರ್ ಇದ್ದಿದ್ರ್" ಎಂದ ಸೂರ.

"ಕಡೀ ಪ್ರಶ್ನೆ. ಕುತುಬ್ ಮಿನಾರಿಗೆ ಮೆಟ್ಲ್ ಎಷ್ಟ್?"

"ಮುನ್ನೂರ ಎಪ್ಪತ್ತೊಂಬತ್ತ್. ಒಂದೊಂದೇ ಎಣಿಸ್ಕಂಡ್ ತುದಿ ತನಕ ಹತ್ತಿದೆ. ಅಲ್ಲಿಂದ ಕಂಡ್ರೆ ಇಡೀ ಡೆಲ್ಲಿ ಅಂಗೈಯಂಗೆ ಇಟ್ಟ ಹಂಗೆ" ಎಂದ ಕುಷ್ಟ.

"ಸುಳ್ಳ್!" ಎಂದು ಸೂರ ಕಿರುಚಿದ. "ಹತ್ತುದ್ ಹ್ಯಾಂಗೆ? ಬಾಗ್ಲಿಗೆ ಬೀಗ ಹಾಕಿತ್ತ್! ಚಿಲ್ಕ ನನ್ ಬೆನ್ನಿಗೆ ಚುಚ್ಚಿತ್ತ್!"

ಮಿನಾರದ ಒಳಗೆ ಜನರನ್ನು ಬಿಡುವುದು ನಿಂತು ಇಪ್ಪತ್ತು ವರ್ಷದ ಮೇಲಾಗಿತ್ತು. ಆ ಮೈದಾನದಲ್ಲಿ ಆ ಒಂದು ಸತ್ಯ ಗೊತ್ತಿದ್ದವನು ಸೂರ ಒಬ್ಬನೇ. ಅದಕ್ಕೇ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಷ್ಟ್ ದೂರದಿಂದ ಹೋದವ್ರಿಗೆ ಬೀಗ ಹಾಕ್ತ್ರಾ? ಪೆಟ್ಗಿ ಬೀಗ ಇರ್ಕ್ ಅದ್!" ಎಂದು ಯಾರೋ ಕೂಗಿದರು. ಯೋಗೀಶ್ ಶಾಲನ್ನು ಕುಷ್ಟನಿಗೆ ಹೊದಿಸಿದ. ದಿಲ್ಲಿಗೆ ಹೋಗಿ ನಿಂತವನು ಪರೀಕ್ಷೆಯಲ್ಲಿ ನಪಾಸಾದ, ಕಕ್ಕಸಿನಲ್ಲಿ ಕೂತು ಓದಿದವನು ಪಾಸಾದ. ನಮ್ಮ ಶಿಕ್ಷಣ ಪದ್ಧತಿಗೆ ಇದರಲ್ಲಿ ಹೊಸತೇನೂ ಇಲ್ಲ.

ಹೆಂಗಸರ ಸಾಲಿನಲ್ಲಿ ಜಲಜ ಮಾತ್ರ ನಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಗಂಡನನ್ನು ಒಂದು ತರಹ ನೋಡುತ್ತ ಬಂದಳು.

ಮರುದಿನ ಸೂರ ಮಾಡಿದ್ದು ಹಟದ ಕೆಲಸ. ಕೆಂಪುಕೋಟೆಯ ಫೋಟೋಗೆ ದೊಡ್ಡ ಕಟ್ಟು ಹಾಕಿಸಿ ತಂದ, ಭಾವನನ್ನು ಇಳಿಸಿ ಅಕ್ಕಿ ಡಬ್ಬದ ಹಿಂದೆ ನಿಲ್ಲಿಸಿದ, ರಾಕ್ಷಸನನ್ನು ಮೊಳೆಗೆ ಏರಿಸಿದ. ಊರು ಒಪ್ಪದಿದ್ದರೆ ಬೇಡ, ತನ್ನ ಮನೆಯ ಗೋಡೆ ತನ್ನದು ಎಂದು ಅವನ ಲೆಕ್ಕ. ಗೋಡೆ ಅವನದಾದರೂ ಅದರ ಮೇಲಿನ ರಾಕ್ಷಸ ಈಗ ಊರಿಗೆಲ್ಲ ಗೊತ್ತಿದ್ದ ಕುಷ್ಟ ಎಂಬುದು ಅವನಿಗೆ ತೋಚಲಿಲ್ಲ.

ಪ್ರಭಾವತಿಗೆ ತೋಚಿತು. ಅವಳು ಬಾಗಿಲಲ್ಲಿ ನಿಂತು ಗೋಡೆ ನೋಡಿ, ಬಂದ ಕೆಲಸ ಮರೆತು ಹಾಗೇ ತಿರುಗಿದಳು. ಮಧ್ಯಾಹ್ನದೊಳಗೆ ಕೇರಿಯಲ್ಲಿ ಸುದ್ದಿ ತಯಾರಾಯಿತು: ಜಲಜ ತನ್ನ ಅಣ್ಣನ ಫೋಟೋ ತೆಗೆದು ಕುಷ್ಟನ ಫೋಟೋ ತೂಗಿದ್ದಾಳೆ. ಸಂಜೆಗೆ ಅದಕ್ಕೆ ಹೂವಿನ ಮಾಲೆ ಸೇರಿತು. ಮರುದಿನ ಬೆಳಿಗ್ಗೆ ಅಗರಬತ್ತಿ ಸೇರುವ ಹೊತ್ತಿಗೆ ಸುಗುಣ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಸೂರನ ಅಂಗಳಕ್ಕೆ ಬಂದಳು.

"ಹ್ವಾಯ್ ಜಲಜಕ್ಕ, ಹೊರಗ್ ಬನಿ! ನನ್ ಗಂಡನ ಫೋಟೋ ನಿಮ್ ಚಾವ್ಡಿಯಂಗೆ ಎಂತಕ್ಕ್ ತೂಗುದ್? ನಿಮ್ಗ್ ಗಂಡ ಇಲ್ಯಾ?"

ಜಲಜ ಬಂದು ಮೆಟ್ಟಿಲ ಮೇಲೆ ನಿಂತಳು. ಅವಳ ಮುಖ ಕೆಂಪಾಗಿತ್ತು. ನೆರೆಕರೆಯವರು ಬೇಲಿಗೆ ಬಂದು ಒರಗಿದರು. ಈಗ ಸೂರನಿಗೂ ತೋಚಿತು. ತನ್ನ ಫೋಟೋ ತೂಗಿದ್ದಕ್ಕೆ ತನ್ನ ಹೆಂಡತಿಯ ಮಾನ ಬೀದಿಗೆ ಬಂದಿತ್ತು. ಇನ್ನು ನಾನೇ ಅದು ಎಂದರೆ ನಗುತ್ತಾರೆ, ಸುಮ್ಮನಿದ್ದರೆ ಅವಳಿಗೆ ಕೆಟ್ಟ ಹೆಸರು. ಅವನು ಒಳಗೆ ಹೋಗಿ ಕಟ್ಟು ಹಾಕಿದ ಫೋಟೋವನ್ನು ಮೊಳೆಯಿಂದ ಇಳಿಸಿ ತಂದ.

"ತಕಣಿ ಸುಗುಣಕ್ಕ. ಅದ್ ಕುಷ್ಟನೇ. ನಾ ಪೆಟ್ಗಿ ಹೊರುಕೆ ಹೋದವ. ಡೆಲ್ಲಿ ಚಂದ ಕಂಡಿತ್ತ್ ಅಂದೇಳಿ ನಾನೇ ತೂಗಿದ್ದ್. ಅವ್ಳಿಗೆ ಗೊತ್ತೇ ಇಲ್ಲೆ" ಎಂದ. ಜೀವನದಲ್ಲಿ ಸೂರ ಹೇಳಿದ ಮಾತುಗಳಲ್ಲಿ ಇದು ದೊಡ್ಡ ಸುಳ್ಳು. ಇದನ್ನು ಮಾತ್ರ ಎಲ್ಲರೂ ಒಂದೇ ಸಲಕ್ಕೆ ನಂಬಿದರು.

ಸುಗುಣ ಸಮಾಧಾನಗೊಂಡಳು. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗಿನಿಂದ ಗಾಜು ಒರೆಸಿದಳು. ಆಮೇಲೆ ಹೋಗಬೇಕಾದವಳು ಹೋಗಲಿಲ್ಲ.

"ಕಾಣಿ, ಎದಿ ಕಾಣಿ. ಭುಜ ಕಾಣಿ. ನಿಂತ್ಕಂಡ ಗತ್ತ್ ಕಾಣಿ" ಎಂದು ತನ್ನ ಜೊತೆಯವರಿಗೆ ತೋರಿಸಿದಳು. "ಮದಿ ಆಯಿ ಹದ್ನೆಂಟ್ ವರ್ಷ ಆಯ್ತ್. ನಮ್ ಮನಿಯವ್ರ್ ಇಷ್ಟ್ ಚಂದ ಇದ್ರ್ ಅಂದೇಳಿ ನಂಗೇ ಗೊತ್ತಿರ್ಲಿಲ್ಲೆ." ಒಬ್ಬಳು ಹೌದು ಎಂದಳು. ಇನ್ನೊಬ್ಬಳು ಬಗ್ಗಿ ನೋಡಿ, "ತೋಳ್ ಎಷ್ಟ್ ದಪ್ಪ ಇತ್ತ್ ಮಾರಾಯ್ತಿ" ಎಂದಳು. ಸುಗುಣ ನಾಚಿಕೊಂಡು ಫೋಟೋವನ್ನು ಎದೆಗೆ ಒತ್ತಿಕೊಂಡಳು.

ಜಲಜ ಒಂದೇ ನೆಗೆತಕ್ಕೆ ಮೂರು ಮೆಟ್ಟಿಲು ಇಳಿದು ಬಂದಳು.

"ಕೊಡ್ ಇಲ್ಲಿ!" ಎಂದು ಫೋಟೋ ಕಿತ್ತುಕೊಂಡಳು. "ನಿನ್ ಗಂಡ ಮಿನಾರದ ತುದಿ ಹತ್ತಿ ಇಡೀ ಡೆಲ್ಲಿ ಕಂಡವ ಅಲ್ದಾ? ಅವ ಬೇರೆ. ಡೆಲ್ಲಿ ತನ್ಕ ಹೋಯಿ, ಕೋಟೆಗೂ ಬೆನ್ನ್ ಹಾಕಿ, ಮಿನಾರಕ್ಕೂ ಬೆನ್ನ್ ಹಾಕಿ, ಎಂತದೂ ಕಾಣ್ದೆ, ಕಾಲ್ ತುಳಿಸ್ಕಂಡ್ ಬಪ್ಪ ಮನ್ಷ ಈ ಭೂಮಿ ಮೇಲ್ ಒಬ್ನೇ ಇಪ್ದ್. ಅದ್ ನನ್ ಗಂಡ! ಅವತ್ತ್ ಮೈದಾನದಂಗೆ ಕಾಣ್ಲಿಲ್ಲೆ ಅಂದ್ರಲೆ, ಆಗ್ಳೇ ನಂಗೆ ಗೊತ್ತಾಯ್ತ್, ಇದ್ ಇವ್ರೇ ಅಂದೇಳಿ!"

ಬೇಲಿಗೆ ಒರಗಿದವರು ಒಬ್ಬರ ಮುಖ ಒಬ್ಬರು ನೋಡಿದರು. ಕೆಂಪುಕೋಟೆಯ ದರ್ವಾಜಾ, ಮಿನಾರದ ಮೆಟ್ಟಿಲು, ಸರಕಾರದ ಪಾಸು, ಯಾವುದರಿಂದಲೂ ಬಗೆಹರಿಯದ ವಿಷಯ ಇಷ್ಟರಿಂದ ಬಗೆಹರಿಯಿತು. ಸೂರನ ದಡ್ಡತನದ ಬಗ್ಗೆ ಊರಿನಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಪ್ರಭಾವತಿ ಕೂಡ, "ಅದ್ ಹೌದ್. ಅಷ್ಟ್ ಎಂತದೂ ಕಾಣ್ದೆ ಬಪ್ಪುಕೆ ಸೂರಣ್ಣನಿಂದ ಮಾತ್ರ ಆಪ್ದ್" ಎಂದು ರುಜು ಹಾಕಿದಳು. ಸುಗುಣ ಬರಿಗೈಯಲ್ಲಿ ಮನೆಗೆ ನಡೆದಳು. ಆ ದಿನ ಕುಷ್ಟನ ಮನೆಯಿಂದ ಬಂದ ಆರ್ಭಟೆ ರಾಕ್ಷಸನದಲ್ಲ, ಅವಳದು.

ಅಂಗಳ ಖಾಲಿಯಾದ ಮೇಲೆ ಸೂರ ಹೆಂಡತಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ. ಅವನ ಕಣ್ಣು ತುಂಬಿತ್ತು.

"ನಿಜವಾಗ್ಲೂ ನಾನೇ ಅಂದೇಳಿ ನಿಂಗೆ ಗೊತ್ತಾಯ್ತಾ?"

"ನಿಮ್ ಹಂಗೆ ಇನ್ನೊಬ್ರ್ ಇದ್ರೆ ಈ ಊರ್ ತಡೀತಿತ್ತಾ?" ಎಂದಳು ಜಲಜ. ಫೋಟೋದ ಗಾಜಿನ ಮೇಲೆ ಸುಗುಣಳ ಬೆರಳಿನ ಗುರುತು ಇತ್ತು. ಅದು ಹೋಗುವ ತನಕ ಉಜ್ಜಿ ಉಜ್ಜಿ ಒರೆಸಿ, ಒಳಗೆ ಚಾವಡಿಯ ಖಾಲಿ ಮೊಳೆಯ ಕಡೆಗೆ ತೆಗೆದುಕೊಂಡು ಹೋದಳು.